ಅಕ್ಕೋಳದ ಖಣ, ಮೇಮ್‌ಸಾಬಳ ಪೆಟ್ಟಿಗೆ

ಶಿರಗುಪ್ಪಿ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮೂರಲ್ಲಿ ಎಲ್ಲರೂ ಕೇಳುವುದು ಎರಡೇ ಮಾತು. ಅರಮನಿ ನೋಡಿದ್ರೇನ್ರಿ? ಬರ್ಫ ಬಿದ್ದಿತ್ತೇನ್ರಿ? ಎರಡೂ ಇಲ್ಲ. ಅಷ್ಟು ದೂರ ವಿಮಾನದಲ್ಲಿ ಕಾಲು ಮಡಚಿಕೊಂಡು ಹೋಗಿ ನಾನು ನೋಡಿದ್ದು ಒಂದು ಕೋಣೆ, ಅದರೊಳಗೆ ಬೂದು ಬಣ್ಣದ ರಟ್ಟಿನ ಪೆಟ್ಟಿಗೆಗಳು, ಅವುಗಳೊಳಗೆ ಎಂದೋ ಸತ್ತುಹೋದ ಒಬ್ಬ ಹೆಂಗಸಿನ ಕಾಗದಪತ್ರ. ಇದನ್ನು ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ಟೀಚರಿಗೆ ತಲೆ ಕೆಟ್ಟಿದೆ ಎಂದು ಹಿಂದಿನಿಂದ ಆಡಿಕೊಂಡವರೂ ಇದ್ದಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ನಮ್ಮ ಅತ್ತೆಯ ತವರು ನಿಪ್ಪಾಣಿ ಹತ್ತಿರದ ಅಕ್ಕೋಳ. ತಂಬಾಕು ಬೆಳೆಯುತ್ತಿದ್ದ ಮನೆತನ. ಅತ್ತೆ ಒಂದೂವರೆ ವರ್ಷದ ಕೂಸಾಗಿದ್ದಾಗ ಅವರ ತಾಯಿ ತೀರಿಕೊಂಡರು. ಆ ತಾಯಿಯ ಒಂದು ಫೋಟೋವೂ ಮನೆಯಲ್ಲಿಲ್ಲ. ಇದ್ದದ್ದು ಒಂದು ಸುದ್ದಿ ಮಾತ್ರ. ಯುದ್ಧದ ಕಾಲದಲ್ಲಿ ಯಾವುದೋ ಸಂಸ್ಥಾನದ ರಾಜರ ಮನೆಗೆ ಅತಿಥಿಯಾಗಿ ಬಂದಿದ್ದ ಒಬ್ಬ ಮೇಮ್‌ಸಾಬ್ ತಂಬಾಕಿನ ವಖಾರಿ, ಅಂದರೆ ಗೋದಾಮು, ನೋಡಲು ಅಕ್ಕೋಳಕ್ಕೂ ಬಂದಳಂತೆ. ಮನೆಯಲ್ಲಿ ಊಟ ಮಾಡಿ, ಆ ಮನೆಯ ಸೊಸೆಯಾದ ಅತ್ತೆಯ ತಾಯಿಯನ್ನು ಕೂಸಿನೊಂದಿಗೆ ಅಂಗಳದಲ್ಲಿ ಕೂರಿಸಿ ಫೋಟೋ ತೆಗೆದು, ಕಳಿಸುತ್ತೇನೆಂದು ಹೇಳಿ ಹೋದಳಂತೆ. ಕಳಿಸಲಿಲ್ಲ.

ಹೋದ ವರ್ಷ ಅಕ್ಕೋಳದ ಮನೆ ಕೆಡವಿ ಹೊಸದು ಕಟ್ಟುವಾಗ ಹಳೆಯ ತಿಜೋರಿಯಲ್ಲಿ ಆ ಮೇಮ್‌ಸಾಬಳ ಒಂದು ಪತ್ರ ಸಿಕ್ಕಿತು. ಊಟಕ್ಕೆ ಕೃತಜ್ಞತೆ ಹೇಳಿ ನಾಲ್ಕು ಸಾಲು, ಮೇಲೆ ಅಚ್ಚಾದ ಹೆಸರು. ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಆಕೆ ದೊಡ್ಡ ಮನೆತನದ ಮದುಮಕ್ಕಳ, ನಟಿಯರ, ಲಾರ್ಡುಗಳ ಫೋಟೋ ತೆಗೆಯುವುದರಲ್ಲಿ ಹೆಸರುವಾಸಿ. ನಾಟಕದ ಉಡುಪು, ಟೊಪ್ಪಿಗೆ, ಪರದೆ ಬಟ್ಟೆಯ ವಿನ್ಯಾಸವನ್ನೂ ಮಾಡುತ್ತಿದ್ದಳು. ಸತ್ತ ಮೇಲೆ ಅವಳ ಕಾಗದಪತ್ರವೆಲ್ಲ ಒಂದು ಕಾಲೇಜಿನ ಗ್ರಂಥಾಲಯ ಸೇರಿತ್ತು. ಅವರಿಗೆ ಬರೆದೆ. ಪೆಟ್ಟಿಗೆಗಳು ನಲವತ್ತಕ್ಕೂ ಮೇಲಿವೆ, ನಿಮ್ಮ ಫೋಟೋ ಇದೆಯೋ ಇಲ್ಲವೋ ಹೇಳಲಾರೆವು, ಬಂದು ನೋಡಿಕೊಳ್ಳಿ, ಜನವರಿಯಿಂದ ರಿಪೇರಿಗಾಗಿ ಒಂದೂವರೆ ವರ್ಷ ಮುಚ್ಚುತ್ತೇವೆ ಎಂದು ಉತ್ತರ ಬಂತು.

ಇತ್ತ ಮಿರಜಿನ ಡಾಕ್ಟರು ಅತ್ತೆಯ ಕಣ್ಣಿನ ನರ ಸೋಲುತ್ತಿದೆ, ಇನ್ನು ಎಷ್ಟು ತಿಂಗಳೋ ಹೇಳಲಾಗದು ಎಂದಿದ್ದರು.

“ಸುನಂದಾ, ನನ್ನ ಕಣ್ಣ ಇರೂದ್ರಾಗ ಒಮ್ಮೆ ನಮ್ಮವ್ವನ ಮಾರಿ ತೋರಸು,” ಎಂದರು ಅತ್ತೆ. ಎಂಬತ್ತು ದಾಟಿದ ಅವರು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ನಮ್ಮ ಮನೆಯವರು ತಕರಾರು ತೆಗೆದರು. “ಹೊಲದಾಗ ಕಬ್ಬ ನಿಂತೈತಿ, ಕಡ್ಯಾಕ ಟೋಳಿ ಇನ್ನೂ ಬಂದಿಲ್ಲ. ನಾ ಹೆಂಗ ಬರ್ಲಿ?”

“ಕಬ್ಬ ಎಲ್ಲೂ ಓಡಿ ಹೋಗಂಗಿಲ್ಲೋ. ನನ್ನ ಕಣ್ಣ ಹೊಂಟಾವ,” ಎಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಲಂಡನ್

ವಿಮಾನ ನಿಲ್ದಾಣದಲ್ಲೇ ನನ್ನ ತಾಳ್ಮೆ ಅರ್ಧ ಖರ್ಚಾಯಿತು. ಅತ್ತೆ ಕಟ್ಟಿಕೊಟ್ಟಿದ್ದ ಬುತ್ತಿಯ ಚೀಲವನ್ನು ಒಬ್ಬ ಅಧಿಕಾರಿ ಬಿಚ್ಚಿಸಿದ. ಕಟಕ ರೊಟ್ಟಿ ನೋಡಿ ಸುಮ್ಮನಿದ್ದ. ಕೆಂಪು ಪುಡಿಯ ಡಬ್ಬಿ ನೋಡಿ ಇದೇನು ಎಂದ. ಶೇಂಗಾ ಹಿಂಡಿ, ಅಂದರೆ ನೆಲಗಡಲೆಯ ಪುಡಿ ಎಂದು ನನ್ನ ಚೊಕ್ಕ ಇಂಗ್ಲಿಷಿನಲ್ಲಿ ವಿವರಿಸಿದೆ. ಶೇಂಗಾ ಎಂದು ತಿಳಿದದ್ದೇ ತಡ, ಆತ ಎರಡು ಹೆಜ್ಜೆ ಹಿಂದೆ ಸರಿದ. ಅವನಿಗೆ ಶೇಂಗಾ ಮುಟ್ಟಿದರೆ ಮೈ ಬಾತುಕೊಳ್ಳುತ್ತದಂತೆ. ಕೈಗವಸು ತೊಟ್ಟ ಇನ್ನೊಬ್ಬ ಬರುವವರೆಗೆ ನಾವು ಮುಕ್ಕಾಲು ಗಂಟೆ ನಿಂತೆವು. ನಮ್ಮ ಕಡೆ ಹಸುಗೂಸಿಗೂ ಶೇಂಗಾ ಬೆಲ್ಲ ನೆಕ್ಕಿಸುತ್ತಾರೆ!

ಅಲ್ಲಿಂದ ಕಾಲೇಜಿರುವ ಊರಿಗೆ ರೈಲಿನಲ್ಲಿ ಒಂದೂವರೆ ಗಂಟೆ. ಡಬ್ಬಿಯಲ್ಲಿ ಅರವತ್ತು ಜನರಿದ್ದರೂ ಒಂದು ಸೊಲ್ಲಿಲ್ಲ. ನಮ್ಮ ಮನೆಯವರು ಎದುರಿಗೆ ಕುಳಿತವನಿಗೆ ಯಾವ ಊರು, ಎಷ್ಟು ಎಕರೆ ಎಂದು ಕೇಳಿ ಹೇಳೆಂದು ನನಗೆ ದುಂಬಾಲುಬಿದ್ದರು. ರಾಯಬಾಗದಿಂದ ಮಿರಜಿಗೆ ರೈಲು ಹತ್ತಿದರೆ ಕುಡಚಿ ಬರುವಷ್ಟರಲ್ಲಿ ಎದುರಿನವರ ಮಗಳಿಗೆ ವರ ಹುಡುಕಿಕೊಡುವ ಮನುಷ್ಯ ಇವರು. ನಾನು ಕೇಳಲಿಲ್ಲ. ಎದುರಿನವನು ಕಿಟಕಿಗೇ ಮುಖ ಅಂಟಿಸಿ ಕುಳಿತಿದ್ದ.

ಮೊದಲ ದಿನ

ಗ್ರಂಥಾಲಯದ ಓದುವ ಕೋಣೆಗೆ ಹೋಗುವುದಕ್ಕಿಂತ ಆಪರೇಶನ್ ಥೇಟರಿಗೆ ಹೋಗುವುದು ಸುಲಭ. ಚೀಲ ಹೊರಗೆ, ಕೋಟು ಹೊರಗೆ, ನೀರು ಹೊರಗೆ, ಪೆನ್ನು ಹೊರಗೆ. ಕೈ ತೊಳೆಯಬೇಕು. ಪೆನ್ಸಿಲ್ ಮಾತ್ರ ನಡೆಯುತ್ತದೆ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಪತ್ರಗಳನ್ನು ಇಡಲು ಕೂಸಿನ ತಲೆದಿಂಬಿನಂಥ ಮೆತ್ತನೆಯ ದಿಂಬು. ಇದನ್ನೆಲ್ಲ ಪಿಸುಮಾತಿನಲ್ಲಿ ಹೇಳಿಕೊಟ್ಟವಳು ರೂತ್ ಎಂಬ ಸಣಕಲು ಹೆಂಗಸು, ಆ ಕೋಣೆಯ ಮೇಲ್ವಿಚಾರಕಿ. ನಲವತ್ತೈದು ವಯಸ್ಸಿರಬೇಕು. ನಕ್ಕರೆ ನಿಯಮಕ್ಕೆ ವಿರುದ್ಧ ಎಂಬಂತೆ ಮುಖ ಬಿಗಿದುಕೊಂಡಿದ್ದಳು. ನಮಗೆ ಸಿಕ್ಕಿದ್ದು ಮೂರು ದಿನ. ನಾಲ್ಕನೆಯ ದಿನದಿಂದ ಪೆಟ್ಟಿಗೆಗಳನ್ನು ಬೇರೆ ಊರಿಗೆ ಸಾಗಿಸುವವರಿದ್ದರು.

ಮೊದಲ ಪೆಟ್ಟಿಗೆ ತೆರೆದರೆ ಏನಿತ್ತು ಗೊತ್ತೇ? ಮೇಮ್‌ಸಾಬಳಿಗೆ ಊರ ದೊಡ್ಡ ಹೆಂಗಸರು ಬರೆದ ತಕರಾರುಗಳು. ನನ್ನ ಮೂಗು ಇಷ್ಟು ಉದ್ದವಿಲ್ಲ. ಮಗಳ ಗದ್ದ ಸ್ವಲ್ಪ ಒಳಗೆ ತಳ್ಳಲಾಗುವುದೇ. ಅತ್ತೆ ನನಗಿಂತ ಚಿಕ್ಕವಳಾಗಿ ಕಾಣುತ್ತಾಳೆ, ಇನ್ನೊಮ್ಮೆ ತೆಗೆಯಿರಿ. ಚಿಕ್ಕೋಡಿಯ ಫೋಟೋ ಸ್ಟುಡಿಯೋದಲ್ಲಿ ಮದುಮಗಳ ತಾಯಿ ನಿಂತು, “ಹುಡಿಗಿ ಬಣ್ಣ ಸ್ವಲ್ಪ ತಿಳಿ ಮಾಡ್ರಿ” ಎನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇವರ ಕಾಗದಕ್ಕೆ ಕಿರೀಟದ ಮುದ್ರೆ ಇತ್ತು, ಅಷ್ಟೇ. ಮೇಮ್‌ಸಾಬಳೋ, ಯಾವುದನ್ನೂ ಬಿಸಾಡಿದವಳಲ್ಲ. ಊಟದ ಕಾರ್ಡು, ಟೊಪ್ಪಿಗೆಯ ಗರಿ, ದರ್ಜಿಯೊಡನೆ ಜಗಳ, ಎಲ್ಲವನ್ನೂ ಜೋಪಾನ ಮಾಡಿದ್ದಳು. ಟೊಪ್ಪಿಗೆಯ ಗರಿ ಇಡುವವಳಿಗೆ ಒಂದು ಫೋಟೋ ಅಂಚೆಗೆ ಹಾಕಲು ಆಗಲಿಲ್ಲವೇ?

ಆಗಲೇ ನಮ್ಮ ಮನೆಯವರ ಅಂಗಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕಬ್ಬು ಕಡಿಯುವ ಟೋಳಿಯ, ಅಂದರೆ ಗುಂಪಿನ, ಮುಖಂಡ, ನಮ್ಮಲ್ಲಿ ಮುಕಾದಮ ಎನ್ನುತ್ತೇವೆ, ಅವನದು. ಮರಾಠಿಯವ. ಇವರು ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಕೂಗುವಂತೆ, “ಹಾಂ ಮುಕಾದಮ, ಬೋಲಾ! ಟೋಳಿ ಆಲೀ ಕಾ?” ಎಂದು ಮರಾಠಿಯಲ್ಲೇ ಟೋಳಿ ಬಂದ ಸುದ್ದಿ ಕೇಳಿದರು. ಕೋಣೆಯಲ್ಲಿದ್ದ ಏಳು ತಲೆಗಳೂ ಎದ್ದವು. ರೂತ್ ಬಂದು ಇವರ ಮೊಣಕೈಗೆ ಒಂದೇ ಬೆರಳು ಮುಟ್ಟಿಸಿ ಬಾಗಿಲು ತೋರಿಸಿದಳು. ಅಲ್ಲಿಂದ ಮೂರನೆಯ ದಿನದವರೆಗೂ ಇವರು ಹೊರಗಿನ ಬೆಂಚಿನ ಪಾಲಾದರು.

ಮೂರೂವರೆಗೆ ನಾನೂ ಏಳಬೇಕಾಯಿತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಆ ಊರಿನಲ್ಲಿ ಡಿಸೆಂಬರ್ ತಿಂಗಳಲ್ಲಿ ಹೊತ್ತು ಮುಳುಗುವುದು ನಾಲ್ಕಕ್ಕೂ ಮೊದಲು. ಬೆಂಚಿನ ಮೇಲೆ ನಡುಗುತ್ತ ರೊಟ್ಟಿ ಮುರಿದೆವು.

“ಸುನಂದಾ, ಇಲ್ಲಿ ಮುಂಜಾನಿಂದ ಸೂರ್ಯಾನ ಕಂಡಿಲ್ಲ. ಮುಳಗಾಕ ಏನೈತಿ?” ಎಂದರು ಇವರು.

“ಸುಮ್ನ ಉಣ್ರಿ,” ಎಂದೆ.

ಕೈ ತೊಳೆದು ಒಳಗೆ ಹೋದರೆ ನನ್ನ ಮೇಜು ಖಾಲಿ. ಕಾಲು ಗಂಟೆಗಿಂತ ಹೆಚ್ಚು ಹೊತ್ತು ಎದ್ದು ಹೋದರೆ ಪೆಟ್ಟಿಗೆ ವಾಪಸು ಹೋಗುತ್ತದಂತೆ. ಮೂರು ಗಂಟೆಯ ಮೇಲೆ ಪೆಟ್ಟಿಗೆ ಕೇಳುವ ಹೊಸ ಚೀಟಿ ತೆಗೆದುಕೊಳ್ಳುವುದಿಲ್ಲವಂತೆ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.

ಎರಡನೆಯ ದಿನ

ಪಟ್ಟಿಯಲ್ಲಿ ‘ಭಾರತದ ಪತ್ರಗಳು’ ಎಂದು ಬರೆದ ಪೆಟ್ಟಿಗೆಗಳು ಮೂರು. ಬೆಳಗಿನಿಂದ ಒಂದೊಂದಾಗಿ ತರಿಸಿದೆ. ರಾಜರ ಆಮಂತ್ರಣಗಳು, ಹುಲಿ ಬೇಟೆಯ ಔತಣಗಳು, ಯಾವುದೋ ರಾಣಿ ಕಳಿಸಿದ ಸುಗಂಧದ ಪುಡಿಕೆ. ಒಂದೊಂದು ಹಾಳೆಯನ್ನೂ ಮಗುಚಿದೆ. ಅಕ್ಕೋಳದ ಹೆಸರಿಲ್ಲ, ನಿಪ್ಪಾಣಿಯ ಅಂಚೆ ಮುದ್ರೆ ಇಲ್ಲ. ತಂಬಾಕಿನ ವಖಾರಿಯ ನಾಲ್ಕು ಫೋಟೋ ಇದ್ದವು. ಎಲೆ ಬಿಡಿಸುವ ಹೆಣ್ಣಾಳುಗಳು, ತಕ್ಕಡಿ, ಒಂದು ಎತ್ತು. ಎತ್ತಿನ ಮುಖ ಎಷ್ಟು ಸ್ಪಷ್ಟವಾಗಿತ್ತೆಂದರೆ ನನಗೆ ಅಳು ಬಂತು. ಎತ್ತು ಇದೆ, ನಮ್ಮ ಅತ್ತೆಯ ತಾಯಿ ಇಲ್ಲ.

ಬೇರೆ ಎಲ್ಲಾದರೂ ಇರಬಹುದೇ ಎಂದು ರೂತಳನ್ನು ಕೇಳಿದೆ. ಪಟ್ಟಿ ಪೂರ್ಣವಾಗಿದೆ ಎಂದಳು. ಅವಳ ಪಟ್ಟಿಯ ಮೇಲೆ ಅವಳಿಗೆ ಎಷ್ಟು ನಂಬಿಕೆ! ಅದನ್ನು ಹರಿದು ಚುರುಮುರಿ ಕಟ್ಟಬೇಕೆನ್ನಿಸಿತು.

ಸಂಜೆ ಅತ್ತೆಯ ಫೋನು ಬಂತು. ನಾನು ತಡೆಯುವ ಮೊದಲೇ ಇವರು, “ಇನ್ನೂ ಸಿಕ್ಕಿಲ್ಲವ್ವಾ,” ಎಂದುಬಿಟ್ಟರು.

ಆ ಕಡೆಯಿಂದ ಅತ್ತೆ, “ಇರ್ಲಿ ಬಿಡು, ಸುನಂದಾ ಹುಡಕ್ತಾಳ,” ಎಂದು ಇಟ್ಟರು. ಬೈದಿದ್ದರೆ ವಾಸಿಯಿತ್ತು.

ಮೂರನೆಯ ದಿನ

ನಾವು ಇಳಿದುಕೊಂಡದ್ದು ಒಬ್ಬ ವಿಧವೆ ನಡೆಸುವ ವಸತಿಯಲ್ಲಿ. ಎರಡು ದಿನ ನಮಗೆಂದು ಸೂಪು ಮಾಡಿ, ಎರಡೂ ದಿನ ಅದರಲ್ಲಿ ಬಟಾಟಿ ಹಾಕಿ, ನಾವು ಗಡ್ಡೆ ತಿನ್ನುವುದಿಲ್ಲ ಎಂದಾಗ ಎರಡೂ ದಿನ ಕ್ಷಮೆ ಕೇಳಿದ್ದಳು. ಮೂರನೆಯ ಬೆಳಗ್ಗೆ ಬಟಾಟಿಯಿಲ್ಲದೆ ಅವರೆಕಾಳಿನ ಸೂಪು ಮಾಡಿ ಮುಂದಿಟ್ಟಳು. ಉಂಡೆವು. ಅತ್ತೆ ಚೀಲದಲ್ಲಿ ಎರಡು ಖಣ, ಅಂದರೆ ರವಿಕೆ ಕುಬಸದ ಬಟ್ಟೆ, ಇಟ್ಟುಕೊಟ್ಟಿದ್ದರು. “ಯಾವ ಹೆಣ್ಮಗಳ ಕೈಲೆ ಉಂಡ್ರೂ ಬರೇ ಕೈಲೆ ಬರಬ್ಯಾಡ,” ಎಂದು ಹೇಳಿದ್ದರು. ಒಂದನ್ನು ಕೊಟ್ಟೆ. ಆಕೆ ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಎಷ್ಟು ಚಂದ, ಕಿಟಕಿಗೆ ಹಾಕಲೇ ಎಂದು ಕೇಳಿದಳು.

ಕುಬಸದ ಖಣ ಕಿಟಕಿಗೆ! ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ.

ಅಕ್ಕೋಳದ ಮನೆಯಲ್ಲಿ ಮೇಮ್‌ಸಾಬ್ ಉಂಡಿದ್ದಳಲ್ಲವೇ? ಆ ಮನೆಯ ಯಜಮಾನ, ಅತ್ತೆಯ ಅಜ್ಜ, ಫೋಟೋ ಕೇಳಿ ಅವಳಿಗೆ ಪತ್ರ ಬರೆದಿದ್ದರೆ ಬರಿಯ ಪತ್ರ ಕಳಿಸಿರಲು ಸಾಧ್ಯವೇ ಇಲ್ಲ. ಉಂಡು ಹೋದ ಹೆಣ್ಣುಮಗಳಿಗೆ ಖಣವಿಲ್ಲದೆ ನಮ್ಮ ಜನ ಒಂದು ಸಾಲೂ ಬರೆಯುವುದಿಲ್ಲ. ಬಟ್ಟೆಯಲ್ಲಿ ಸುತ್ತಿದ ಪತ್ರವನ್ನು ಈ ಪೆನ್ಸಿಲ್ ಜನ ಎಲ್ಲಿ ಇಟ್ಟಿರುತ್ತಾರೆ? ಪತ್ರಗಳ ಪೆಟ್ಟಿಗೆಯಲ್ಲಂತೂ ಇರಲಿಕ್ಕಿಲ್ಲ. ಎರಡು ದಿನ ತಪ್ಪು ಪೆಟ್ಟಿಗೆ ಕೆದಕಿದ್ದೆ. ಅತ್ತೆಯ ಮಾತು ಚೀಲದಲ್ಲೇ ಇತ್ತು, ನನ್ನ ತಲೆಯಲ್ಲಿರಲಿಲ್ಲ.

ಹತ್ತು ಗಂಟೆಗೆ ಬಾಗಿಲು ತೆರೆಯುವ ಮೊದಲೇ ನಿಂತಿದ್ದೆ. “ಬಟ್ಟೆಯ ಮಾದರಿಗಳ ಪೆಟ್ಟಿಗೆ ಕೊಡಿ,” ಎಂದೆ. ರೂತ್ ಅವು ವಿನ್ಯಾಸದ ವಿಭಾಗದ್ದು, ಕುಟುಂಬದ ಪತ್ರಗಳಿಗೆ ಸಂಬಂಧವಿಲ್ಲ ಎಂದಳು. “ಇದ್ದರೆ ನಿಮ್ಮ ಪಟ್ಟಿ ತಪ್ಪು, ಇಲ್ಲದಿದ್ದರೆ ನಾನು ತಪ್ಪು. ತನ್ನಿ,” ಎಂದೆ. ಆರು ಪೆಟ್ಟಿಗೆಗಳಿದ್ದವು. ಐದರಲ್ಲಿ ರೇಷ್ಮೆ, ಜಾಲರಿ, ಮಖಮಲ್ಲಿನ ತುಂಡುಗಳು. ಆರನೆಯದು ಬರುವಷ್ಟರಲ್ಲಿ ಮೂರು ಗಂಟೆಗೆ ಐದು ನಿಮಿಷ ಇತ್ತು.

ಮುಚ್ಚಳ ತೆಗೆದರೆ ಮೇಲೆಯೇ ನಮ್ಮ ಖಣ. ಹಸಿರು ಒಡಲು, ಕೆಂಪು ದಡಿ, ಮಡಿಕೆಯಲ್ಲಿ ಇನ್ನೂ ಅರಿಶಿನದ ಕಲೆ. ಅದರ ಕೆಳಗೆ ಮೇಮ್‌ಸಾಬ್ ಬಣ್ಣ ಹಾಕಿ ಬರೆದ ಒಂದು ಚಿತ್ರ. ಅದೇ ದಡಿ, ಅದೇ ಹೂವು, ಒಂದು ದೊಡ್ಡ ಕಿಟಕಿಗೆ ಪರದೆ. ಹಾಗಾದರೆ ಅದನ್ನೂ ಮಾಡಿದ್ದಳು! ಪರದೆಯ ಚಿತ್ರದ ಕೆಳಗೆ ಒಂದಕ್ಕೊಂದು ಪಿನ್ ಚುಚ್ಚಿದ ಮೂರು ಪತ್ರಗಳು, ನಿಪ್ಪಾಣಿಯ ಯಾವುದೋ ಮಾಸ್ತರರಿಂದ ಇಂಗ್ಲಿಷಿನಲ್ಲಿ ಬರೆಸಿದವು.

ಮೊದಲನೆಯದರಲ್ಲಿ ಅಜ್ಜ, ನಮ್ಮ ಮನೆಯಲ್ಲಿ ಉಂಡವರನ್ನು ಬರಿಗೈಯಲ್ಲಿ ಕಳಿಸಿದ್ದು ತಪ್ಪಾಯಿತು, ಖಣ ಸ್ವೀಕರಿಸಬೇಕು, ಫೋಟೋ ಕಳಿಸಬೇಕು ಎಂದು ಬರೆಸಿದ್ದರು. ಎರಡನೆಯದರಲ್ಲಿ, ತಾವು ಫೋಟೋ ತೆಗೆದ ಸೊಸೆ ತೀರಿಕೊಂಡಿದ್ದಾಳೆ, ಕೂಸಿಗೆ ತಾಯಿಯ ಬೇರೆ ಚಿತ್ರವಿಲ್ಲ ಎಂದಿತ್ತು. ಮೂರನೆಯದು ಚಿಕ್ಕದು. “ಅಂದು ಕ್ಯಾಮೆರಾದ ಪಕ್ಕದಲ್ಲಿ ನಾನು ನಿಂತದ್ದು ತಪ್ಪಾಯಿತು. ತಾವು ದೂರ ಹೋಗಿರೆಂದಿರಿ. ನಾನು ಕುರ್ಚಿ ತರಿಸಿ ಕುಳಿತೆ. ಮುಖ ಕಾಣದಿದ್ದರೂ ಅಡ್ಡಿಯಿಲ್ಲ. ದಯಮಾಡಿ ಕಳಿಸಿರಿ.”

ಅಕ್ಕೋಳದ ಆ ಮನೆಯಲ್ಲಿ ಮಾವನ ಎದುರಿಗೆ ಸೊಸೆ ಸೆರಗನ್ನು ಮುಖ ಮುಚ್ಚುವಷ್ಟು ಎಳೆದುಕೊಳ್ಳುವ ರಿವಾಜಿತ್ತು. ಅಜ್ಜ ಅಲ್ಲೇ ಕುಳಿತಿದ್ದರೆ ಆಕೆ ಸೆರಗು ತೆಗೆಯುವುದೆಂತು?

ಪತ್ರಗಳ ಕೆಳಗೆ ಫೋಟೋ ಇತ್ತು. ಅಂಗಳ, ತುಳುಕುವ ಬಿಸಿಲು, ಮಣೆಯ ಮೇಲೆ ಒಬ್ಬ ಹೆಣ್ಣುಮಗಳು. ಗಲ್ಲದ ಕೆಳಗಿನವರೆಗೂ ಸೆರಗು. ಕೈಬಳೆ ಕಾಣುತ್ತದೆ, ಕಾಲುಂಗುರ ಕಾಣುತ್ತದೆ, ಮುಖವಿಲ್ಲ. ಮುಂದೆ ನೆಲದ ಮೇಲೆ ಪಟಕಾ ರುಮಾಲು ಸುತ್ತಿದ ಒಂದು ತಲೆಯ ನೆರಳು. ಮಡಿಲಲ್ಲಿ ಕೂಸು. ಅದಾದರೂ ಕ್ಯಾಮೆರಾದ ಕಡೆ ನೋಡಬಾರದೇ? ಕುತ್ತಿಗೆ ಮೇಲಕ್ಕೆತ್ತಿಕೊಂಡು ಕುಳಿತಿದೆ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ, ‘ಮುದುಕ ಜಾಗ ಬಿಡಲಿಲ್ಲ. ಹಾಳಾಯಿತು’ ಎಂದು ಮೇಮ್‌ಸಾಬಳ ಕೈಬರಹ. ಜೊತೆಗೆ ಅಜ್ಜನಿಗೆ ಬರೆಯತೊಡಗಿ ಅರ್ಧಕ್ಕೆ ಬಿಟ್ಟ ಒಂದು ಉತ್ತರ. “ಅದು ಕೆಟ್ಟ ಚಿತ್ರ. ಅಂಥದ್ದು ನನ್ನ ಹೆಸರಿನಲ್ಲಿ ಹೊರಗೆ ಹೋಗಲು ಬಿಡುವುದಿಲ್ಲ. ಆದರೆ ನಿಮ್ಮ ಬಟ್ಟೆ” ಎಂಬಲ್ಲಿಗೆ ನಿಂತಿತ್ತು.

ಯಾರನ್ನು ಬೈಯಲಿ ನಾನು? ಹೆಸರು ಕೆಡುತ್ತದೆಂದು ಫೋಟೋ ಮುಚ್ಚಿಟ್ಟವಳನ್ನೇ? ಕುರ್ಚಿ ತರಿಸಿ ಕುಳಿತವನನ್ನೇ? ಅತ್ತೆ ನೋಡಬೇಕೆಂದದ್ದು ಮುಖ. ಅದೊಂದೇ ಇಲ್ಲ. ಮೇಜಿನ ಮೇಲೆ ಕಣ್ಣೀರು ಬೀಳಬಾರದೆಂದು ಅವರ ನಿಯಮದಲ್ಲಿ ಬರೆದಿದೆಯೋ ಇಲ್ಲವೋ, ನಾನು ಮುಖ ತಿರುಗಿಸಿ ಅತ್ತುಬಿಟ್ಟೆ.

ರೂತ್ ಬಂದು ನಿಂತಳು. ಪತ್ರಗಳನ್ನು ಓದಿದಳು. ಪ್ರತಿ ಬೇಕಾದರೆ ಹನ್ನೆರಡು ವಾರ ಎಂದು ಹಿಂದಿನ ದಿನ ಹೇಳಿದ್ದವಳು ಈಗ ಒಂದು ಫಾರ್ಮು ಮುಂದಿಟ್ಟಳು. ಯಾವ ಪ್ರಕಟಣೆಗೆ ಎಂಬ ಅಂಕಣದಲ್ಲಿ ‘ಪ್ರಕಟಣೆ ಇಲ್ಲ, ಮಗಳಿಗೆ ತಾಯಿಯನ್ನು ತೋರಿಸಲು’ ಎಂದು ಬರೆದೆ. ಅದನ್ನೂ ಫೋಟೋವನ್ನೂ ಹಿಡಿದು ಅವಳು ಒಳಗೆ ಹೋದಳು. ಕಿಟಕಿಯ ಹೊರಗೆ ನಮ್ಮ ಮನೆಯವರು ಬುತ್ತಿ ಡಬ್ಬಿ ಎತ್ತಿ, ಕೈಗಡಿಯಾರ ತೋರಿಸಿ, ಬಾ ಬಾ ಎಂದು ಸನ್ನೆ ಮಾಡುತ್ತಿದ್ದರು. ನಾನು ಏಳಲಿಲ್ಲ. ಹೊತ್ತು ಮುಳುಗಿತು. ಅಂದು ಉಪವಾಸ.

ನಾಲ್ಕೂವರೆಗೆ ರೂತ್ ಗೋಡೆಗೆ ಹಾಕುವಷ್ಟು ದೊಡ್ಡ ಪ್ರತಿ ತಂದು ಕೊಟ್ಟಳು. ಇನ್ನೊಂದು ಖಣ ಅವಳಿಗೆ ಕೊಟ್ಟೆ. ನೌಕರರು ಉಡುಗೊರೆ ತೆಗೆದುಕೊಳ್ಳುವಂತಿಲ್ಲ, ರಿಜಿಸ್ಟರಿನಲ್ಲಿ ಬರೆಯಬೇಕು ಎಂದಳು. “ಬರಕೊ ನಮ್ಮವ್ವಾ, ಆದರೆ ಪೆಟ್ಟಿಗೆಗೆ ಹಾಕಬೇಡ,” ಎಂದು ಕನ್ನಡದಲ್ಲೇ ಹೇಳಿ ಬಂದೆ.

ಮತ್ತೆ ಶಿರಗುಪ್ಪಿ

ಊರಿಗೆ ಬಂದಾಗ ಟೋಳಿ ಬಂದು ಅರ್ಧ ಕಬ್ಬು ಕಡಿದಾಗಿತ್ತು. ನಮ್ಮ ಮನೆಯವರು ಸೀದಾ ಹೊಲಕ್ಕೆ ಹೋದರು. ನಾನು ಅತ್ತೆಯ ಮುಂದೆ ಕುಳಿತೆ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಒದ್ದಾಡಿದ್ದೆ.

“ಅತ್ತಿ, ಸಿಟ್ಟ ಆಗಬ್ಯಾಡ್ರಿ. ಫೋಟೋ ಸಿಕ್ಕೈತಿ, ಖರೇ ಮಾರಿ ಕಾಣಂಗಿಲ್ಲ. ನಿಮ್ಮ ಅಜ್ಜಾರು ಎದರಿಗೆ ಕುಂತಿದ್ರು. ನಿಮ್ಮವ್ವಾರು ಸೆರಗ ತಗದಿಲ್ಲ.”

ಅತ್ತೆ ಕೈ ಚಾಚಿದರು. ಪ್ರತಿಯನ್ನು ಬಾಗಿಲ ಬೆಳಕಿಗೆ ಒಯ್ದು, ಭೂತಗನ್ನಡಿ ಹಿಡಿದು, ಮೂಲೆಯಿಂದ ಮೂಲೆಗೆ ನೋಡಿದರು. ಬಳೆ ನೋಡಿದರು. ಕಾಲುಂಗುರ ನೋಡಿದರು. ಅಜ್ಜನ ನೆರಳಿನ ಮೇಲೆ ಒಮ್ಮೆ ಬೆರಳು ಆಡಿಸಿದರು. ಆಮೇಲೆ ಮಡಿಲಿನ ಕೂಸಿನ ಮೇಲೆ ಭೂತಗನ್ನಡಿ ನಿಂತುಬಿಟ್ಟಿತು. ನಾನು ಎರಡು ಸಲ, “ಹೊತ್ತ ಮುಳಗಾಕ ಬಂತು, ಊಟಕ್ಕ ಏಳ್ರಿ,” ಎಂದೆ. ಹುಟ್ಟಿದಾಗಿನಿಂದ ಒಂದು ದಿನವೂ ಹೊತ್ತು ಮೀರಿಸದ ಹೆಣ್ಣುಮಗಳು ಏಳಲಿಲ್ಲ.

“ಸುನಂದಾ, ಈ ಕೂಸ ನಾನ ಏನ?”

“ನೀವ ರಿ.”

“ಎಲ್ಲಿ ನೋಡಾಕತ್ತೈತಿ ನೋಡು.”

ನಾನು ಬಾಗಿ ನೋಡಿದೆ. ಕ್ಯಾಮೆರಾದ ಕಡೆ ನೋಡಲಿಲ್ಲವೆಂದು ನಾನು ಬೈದುಕೊಂಡಿದ್ದ ಆ ಕೂಸು ಕುತ್ತಿಗೆ ಎತ್ತಿ, ಕೆಳಗಿನಿಂದ, ನೇರ ಸೆರಗಿನ ಒಳಗೆ ನೋಡುತ್ತಿತ್ತು. ಬಾಯಿ ಬಿಟ್ಟು ನಗುತ್ತಿತ್ತು.

ಅತ್ತೆ ಭೂತಗನ್ನಡಿ ಕೆಳಗಿಟ್ಟರು.

“ಹಂಗಾರ ನಾ ನೋಡೀನಿ,” ಎಂದರು. “ನಮ್ಮವ್ವನ ಮಾರಿ ನಾ ನೋಡೀನಿ.”